ಕೈಗುಣ

ಬೀರಮ್ಮ ಡಾಲ್ಡಾ ಡಬ್ಬ ಎತ್ತಿ ಅಡಿ ನೋಡಿದಳು. ಮೊಳೆಯಲ್ಲಿ ಹೊಡೆದಿದ್ದ ತೂತುಗಳಿಂದ ಗುಲಾಬಿಯ ಬೇರು ಹೊರಗೆ ಬಂದಿತ್ತು. ಹುಯ್ದ ನೀರು ನಿಲ್ಲದೆ ಸೋರಿಹೋಗುತ್ತಿತ್ತು, ಕೆಳಗಿನ ಎಲೆಗಳು ಹಳದಿಯಾಗಿದ್ದವು. ಇನ್ನು ತಡಮಾಡಿದರೆ ಗಿಡ ದಕ್ಕುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಿರಿಯಾಪಟ್ಟಣದ ಸಂತೆಯಿಂದ ದೊಡ್ಡ ಕುಂಡವನ್ನೂ ತಂದಿಟ್ಟುಕೊಂಡಿದ್ದಳು.

ಬೇರೆಯವರಾಗಿದ್ದರೆ ಅದೇನು ಮಹಾ ಕೆಲಸ! ಆದರೆ ಬೀರಮ್ಮನಿಗೆ ಕೈಗುಣವಿಲ್ಲವೆಂದು ಆ ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು. ಮದುವೆಯಾಗಿ ಬಂದ ವರ್ಷ ಅವಳು ನೆಟ್ಟ ಹೊಗೆಸೊಪ್ಪಿನ ಸಾಲು ಒಣಗಿತು, ಆಮೇಲೆ ಮಡಿಲೂ ತುಂಬಲಿಲ್ಲ. ಅತ್ತೆ ಮಲ್ಲಾಜಮ್ಮ ಎರಡಕ್ಕೂ ಗಂಟು ಹಾಕಿ, ಸೊಸೆಯ ಕೈಗೆ ಸಸಿ ಕೊಡುವುದನ್ನೇ ನಿಲ್ಲಿಸಿದ್ದಳು. ಊರ ಬಾಯಿಗೆ ಅಷ್ಟು ಸಾಕಲ್ಲ. ಹಾಗಿರುವಾಗ ಮಿರ್ಲೆಯ ತವರಿನಿಂದ ತಂದು ಚುಚ್ಚಿದ ಈ ಗುಲಾಬಿಯ ಕಡ್ಡಿ ಚಿಗುರಿ ಮೊಗ್ಗು ಬಿಟ್ಟ ದಿನ ಬೀರಮ್ಮ ಹಿತ್ತಿಲಿಗೆ ಹೋಗಿ ಅತ್ತಿದ್ದಳು. ಅವಳ ಕೈಯ ಪರವಾಗಿ ಸಾಕ್ಷಿ ಹೇಳಲು ಇದ್ದದ್ದು ಅದೊಂದೇ ಗಿಡ.

"ಅತ್ತೆ, ಗುಲಾಬಿ ಗಿಡವ ಕುಂಡಕ್ಕಾಕ್ಬೇಕು," ಎಂದಳು.

"ರಮ್ಯನ ಕೈಲಿ ಆಕ್ಸು," ಮಲ್ಲಾಜಮ್ಮ ಅಕ್ಕಿ ಆರಿಸುತ್ತಲೇ ಹೇಳಿದಳು. "ಅವಳ್ದು ಒಳ್ಳೆ ಕೈ."

ಓರಗಿತ್ತಿ ರಮ್ಯಾ ಎರಡು ಮಕ್ಕಳ ತಾಯಿ, ಕಪಟವಿಲ್ಲದ ಹೆಂಗಸು. "ನಿಮ್ ಗಿಡ ಕಣಕ್ಕ, ನೀವೇ ಆಕಿ," ಎಂದಳು.

ಬೀರಮ್ಮ ಹೂಂ ಅನ್ನಬೇಕಿತ್ತು. ತಾನು ಹಾಕಿ ಗಿಡ ಹೋದರೆ? "ನೀನೇ ಆಕವ್ವ, ಚೆನ್ನಾಗ್ ಬರ್ಲಿ," ಎಂದು ಡಬ್ಬ ಮುಂದೆ ತಳ್ಳಿದಳು.

ರಮ್ಯಾಳದು ಹೊಗೆಸೊಪ್ಪಿನ ಸಸಿ ಕಿತ್ತು ಪಳಗಿದ ಕೈ. ಗಿಡ ಹೊರಗೆಳೆದವಳೇ ಮಡಿಯಲ್ಲಿ ಸಸಿ ಕಿತ್ತಂತೆ ಬೇರಿನ ಮಣ್ಣನ್ನೆಲ್ಲ ತಟ್ಟಿ ಕೊಡವಿಬಿಟ್ಟಳು. ಗುಲಾಬಿಗೆ ಬೇರಿನ ಮಣ್ಣು ಬಿಡಿಸಬಾರದೆಂದು ಬೀರಮ್ಮನಿಗೆ ಗೊತ್ತಿತ್ತು. ಬಾಯಿ ತೆರೆದಳು. ಒಳ್ಳೆ ಕೈಗೆ ಬುದ್ಧಿ ಹೇಳಲು ತಾನ್ಯಾರು ಎನಿಸಿ ಸುಮ್ಮನಾದಳು.

ವಾರ ತುಂಬುವುದರೊಳಗೆ ಗಿಡ ಒಣಗಿ ಕಡ್ಡಿಯಾಯಿತು.

"ನಾನ್ ಮಣ್ ಕೊಡವಬಾರ್ದಿತ್ತು ಅತ್ತೆ," ರಮ್ಯಾ ಕಣ್ಣೊರೆಸಿಕೊಂಡಳು.

"ನಿಂದೇನ್ ತಪ್ಪವ್ವ, ಬುಡು. ಮೊದ್ಲು ಚುಚ್ಚಿದ್ ಕೈ ಯಾವ್ದು? ನಿನ್ ಕೈ ಬಿದ್ರೂ ಉಳೀಲಿಲ್ಲ ಅಂದ್ರೆ ನೋಡು!"

ಮಲ್ಲಾಜಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬೀರಮ್ಮನಿಗೆ ಎದುರಾಡಬೇಕೆನಿಸಲಿಲ್ಲ. ತಪ್ಪು ತನ್ನ ಕೈಯದೇ ಇದ್ದರೂ ಇರಬಹುದು ಎನಿಸಿತು. ಹಾಗೆನಿಸಿದ್ದೇ ಅವಳಿಗೆ ಹೆಚ್ಚು ಭಯ ತಂದಿತು.

ಮಳೆ ಬಿದ್ದು ಹೊಲದಲ್ಲಿ ಹೊಗೆಸೊಪ್ಪಿನ ನಾಟಿ ಶುರುವಾಯಿತು. ಗಂಡ ಸ್ವಾಮಿ ಸಸಿಯ ಕಟ್ಟು ಹಿಡಿದು ಕೂಗಿದ. "ಆಳು ಸಾಲ್ದು ಕಣೇ. ಅವ್ವ ಏನಾರ ಅನ್ಕಳ್ಳಿ, ನೀನೂ ಒಂದ್ ಸಾಲು ನೆಡು ಬಾ."

ಈ ಒಂದು ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳೋ.

"ಬ್ಯಾಡ ಕಣ್ರೀ," ಎಂದಳು ಬೀರಮ್ಮ. "ನನ್ ಕೈ ಬ್ಯಾಡ."

ಕೊಡ ಸೊಂಟಕ್ಕಿಟ್ಟುಕೊಂಡು, ರಮ್ಯಾ ನೆಡುತ್ತ ಹೋದ ಸಾಲಿನ ಹಿಂದೆ ನಡೆದಳು. ಬಗ್ಗದೆ, ಬೆರಳು ಎಲೆಗೆ ತಾಗದಂತೆ ಚೊಂಬನ್ನು ಮೇಲಕ್ಕೆ ಹಿಡಿದು, ಒಂದೊಂದೇ ಸಸಿಯ ಬುಡಕ್ಕೆ ನೀರು ಹುಯ್ಯುತ್ತಿದ್ದಳು.