ಶಾಲೆಯ ಸಭೆಯಲ್ಲಿ ಪುಷ್ಪಾವತಿ ಕೇಳಿದ ಪ್ರಶ್ನೆ

ಸವಳಂಗದ ಆಚೆ ಒಂದು ಸಣ್ಣ ಊರು. ಅಲ್ಲಿ ಕೂಲಿ ಮಾಡುವ ಪುಷ್ಪಾವತಿಯ ಮಗಳು ಒಂದು ಬೆಳಿಗ್ಗೆ ಬ್ಯಾಗು ಕೆಳಗಿಟ್ಟು ಕುಳಿತುಬಿಟ್ಟಳು.

"ನಾನು ಸ್ಕೂಲಿಗೆ ಹೋಗಲ್ಲ."

"ಯಾಕವ್ವ?"

"ಟಾಯ್ಲೆಟ್ ತೊಳೆಯಾಕೆ ದಿನಾ ನಮ್ಮ ಕೇರಿ ಹುಡುಗ್ಯಾರನ್ನೇ ಕಳಿಸ್ತಾರೆ. ಉಳಿದೋರು ಮೂಗು ಮುಚ್ಕೊಂಡು ನಗ್ತಾರೆ."

"ಈಗ್ಲೇ ಹೋಗಿ ಕೇಳ್ತೀನಿ" ಎಂದು ಪುಷ್ಪಾವತಿ ಎದ್ದಳು. ಗಂಡ ಮುತ್ತುರಾಜ್ ಮಾತ್ರ, "ಸುಮ್ನಿರು. ದೊಡ್ಡೋರನ್ನ ಎದುರು ಹಾಕ್ಕೊಂಡ್ರೆ ನಾಳೆ ಕೂಲಿಗೆ ಯಾರು ಕರೀತಾರೆ?" ಎಂದ.

ಅಂಗನವಾಡಿ ಟೀಚರ್ ಕಲ್ಪನಾ ಸಂಜೆ ಮನೆಗೆ ಬಂದಾಗ ಪುಷ್ಪಾವತಿ ಎಲ್ಲವನ್ನೂ ಹೇಳಿಕೊಂಡಳು.

"ಮಕ್ಕಳ ಕೈಲಿ ಟಾಯ್ಲೆಟ್ ತೊಳೆಸಬಾರದು ಅಂತ ಸರ್ಕಾರನೇ ಹೇಳೈತೆ" ಎಂದರು ಕಲ್ಪನಾ. "ಶಾಲೆ ನೋಡ್ಕೊಳ್ಳಾಕೆ ಎಸ್‌ಡಿಎಂಸಿ ಅಂತ ಸಮಿತಿ ಐತೆ. ಅದರ ಸದಸ್ಯರನ್ನ ಆರಿಸೋರು ತಂದೆ-ತಾಯಿಗಳೇ. ಹೆಂಗಸರಿಗೂ, ನಿಮ್ಮ ಕೇರಿಯೋರಿಗೂ ಅದರಾಗೆ ಜಾಗ ಮೀಸಲೈತೆ. ಗುರುವಾರ ಹೊಸ ಸಮಿತಿ ಆರಿಸೋ ಸಭೆ, ಬರ್ರಿ."

"ಅದೆಲ್ಲಾ ಅಧ್ಯಕ್ಷ ಜಯದೇವಪ್ಪನವರ ಜಗಲಿ ಮ್ಯಾಲೇ ಮುಗೀತೈತೆ ಬಿಡ್ರಿ" ಎಂದ ಮುತ್ತುರಾಜ್.

"ನೀವ್ಯಾರೂ ಬರಲ್ಲ, ಅದಕ್ಕೇ ಹಂಗೆ."

ಪುಷ್ಪಾವತಿ ಕೇರಿಯ ಮನೆಮನೆಗೂ ಹೋಗಿ ಹೇಳಿಬಂದಳು. ಗುರುವಾರ ಎಲ್ಲರೂ ಕೂಲಿ ಬಿಟ್ಟು ಶಾಲೆಗೆ ನಡೆದರು. ಒಲ್ಲದ ಮನಸ್ಸಿನಿಂದ ಮುತ್ತುರಾಜನೂ ಹೋದ.

ಜಯದೇವಪ್ಪ ಅದುವರೆಗಿನ ಅಧ್ಯಕ್ಷರು. "ಹಳಬರೇ ಮುಂದುವರೀಲಿ, ಏನಂತೀರಿ?" ಎಂದರು. ಕೆಲವರು ತಲೆಯಾಡಿಸಿದರು.

ಪುಷ್ಪಾವತಿ ಎದ್ದು ನಿಂತಳು.

"ನಮ್ಮ ಮಕ್ಕಳು ಓದು ಕಲಿಯಾಕೆ ಬರ್ತಾವೆ, ಕಕ್ಕಸು ತೊಳೆಯಾಕಲ್ಲ. ನಿಮ್ಮ ಮೊಮ್ಮಗಳ ಕೈಗೆ ಪೊರಕೆ ಕೊಟ್ರೆ ಒಪ್ತೀರೇನ್ರಿ?"

ಉತ್ತರ ಕೊಟ್ಟದ್ದು ಜಯದೇವಪ್ಪನವರ ಸೊಸೆ ರೂಪಶ್ರೀ. "ನಾನು ಆ ಮಗೀನ ತಾಯಿ. ನಾನಂತೂ ಒಪ್ಪಲ್ಲ. ಅವರ ಮಕ್ಕಳಿಗೂ ಬ್ಯಾಡ. ಹೊಸಬರನ್ನೇ ಆರಿಸಾನ, ಕೈ ಎತ್ತಿಸ್ರಿ."

ಒಂದೊಂದೇ ಕೈ ಮೇಲೆದ್ದಿತು. ಮುತ್ತುರಾಜನ ಕೈಯೂ ಎದ್ದಿತು. ಆಯ್ಕೆಯಾದ ಸದಸ್ಯರಲ್ಲಿ ಪುಷ್ಪಾವತಿಯೂ ಒಬ್ಬಳು; ಉಳಿದವರು ಅವಳನ್ನೇ ಅಧ್ಯಕ್ಷೆ ಮಾಡಿದರು.

"ಇನ್ನ ನಿಂದೇ ಆರ್ಡರು" ಎಂದರು ಜಯದೇವಪ್ಪ, ಕೊಂಚ ಕಹಿಯಾಗಿ.

"ಹಂಗಲ್ಲ ರೀ. ಎಲ್ಲರೂ ಕೂತು ಮಾತಾಡಾನ. ನೀವೂ ಕೂಡ್ರಿ."

ಅವರು ಕೂತರು. ಯಾವ ಮಗುವೂ ಟಾಯ್ಲೆಟ್ ತೊಳೆಯಬಾರದು, ಆ ಕೆಲಸಕ್ಕೆ ಆಳು ಕೊಡಿ ಎಂದು ಪಂಚಾಯ್ತಿಯನ್ನು ಕೇಳಬೇಕು, ಇನ್ನು ಮುಂದೆ ಸಭೆ ಶಾಲೆಯಲ್ಲೇ, ಕೂಲಿಯವರು ಮರಳಿದ ಮೇಲೆ ನಡೆಯಬೇಕು ಎಂದು ತೀರ್ಮಾನವಾಯಿತು.

ಮರುದಿನ ಮಗಳು ತಾನಾಗಿಯೇ ಬ್ಯಾಗು ಹೆಗಲಿಗೇರಿಸಿದಳು.

ಅಪ್ಪಂದಿರೇ, ಅಮ್ಮಂದಿರೇ, ಸರ್ಕಾರಿ ಶಾಲೆ ನಮ್ಮೆಲ್ಲರದು. ನಿಮ್ಮೂರ ಶಾಲೆಯ ಸಭೆ ಯಾವಾಗ ಎಂದು ಇವತ್ತೇ ಕೇಳಿ. ಹೋಗಿ, ಮಾತಾಡಿ, ಕೈ ಎತ್ತಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.