ಮಾತಾಡದ ಕರಡಿ

"ನಿಮ್ಮ ತಮ್ಮನಿಗೆ ವೇಷ ಎಂತಕ್ಕೆ ಜೂಡಿತ್? ಹಾಗೆಯೇ ಬಂದ್ರೂ ಮಕ್ಕಳು ಹೆದರ್ತಾರಲ್ಲ."

ಮೂರನೇ ಮಹಡಿಯ ಶರ್ವಿನ್ ಹೀಗಂದಾಗ, ಗಲ್ಫಿನ ಡಿಸ್ಕವರಿ ಗಾರ್ಡನ್ಸ್‌ನ ಆ ಕಟ್ಟಡದ ಲಿಫ್ಟಿನೆದುರು ಹ್ಯಾಲೋವೀನ್‌ಗೆಂದು ಸೇರಿದ್ದವರೆಲ್ಲ ನಕ್ಕರು. ಜೂಡಿತ್ ಕೂಡ ಸಣ್ಣಗೆ ನಕ್ಕಳು. ಕರಡಿಯ ಮುಖವಾಡದೊಳಗೆ ಅವಳ ತಮ್ಮ ಲಿಡ್ವಿನ್‌ನ ಕಿವಿ ಕಾದ ಹಂಚಾಯಿತು.

ಮಾತಾಡುವ ಹಾಗಿರಲಿಲ್ಲ. ಹೋದ ವರ್ಷ ಅಕ್ಕನ ಮಗಳು ಆನ್ ಮರಿಯಾ ಇದೇ ಶರ್ವಿನ್ ಬಾಗಿಲಲ್ಲಿ ತೂಗಿದ್ದ ಅಸ್ಥಿಪಂಜರ ಕಂಡು ಚಡ್ಡಿ ಒದ್ದೆ ಮಾಡಿಕೊಂಡಿದ್ದಳು. ವರ್ಷವಿಡೀ ಶಾಲೆಯ ಬಸ್ಸಿನಲ್ಲಿ ಮಕ್ಕಳಿಗೆ ಅದೇ ತಮಾಷೆ. ಈ ಸಲ ಹೊರಗೇ ಬರುವುದಿಲ್ಲವೆಂದು ಕೂತವಳಿಗೆ ಲಿಡ್ವಿನ್ ತನ್ನೂರು ಕಿನ್ನಿಗೋಳಿಯ ಮಾರ್ನೆಮಿಯ ಕಥೆ ಹೇಳಿದ್ದ. ದಸರೆಯ ದಿನಗಳಲ್ಲಿ ಮನೆಮನೆಗೆ ಬರುವ ಕರಡಿ ವೇಷ, ಕ್ರಿಶ್ಚಿಯನ್ನರ ಮನೆಯೆಂದು ಬಿಟ್ಟು ಹೋಗುತ್ತಿರಲಿಲ್ಲ. ಡೋಲು ಕೇಳಿದ್ದೇ ಏಳು ವರ್ಷದ ಲಿಡ್ವಿನ್ ಮಂಚದಡಿಗೆ. ಒಮ್ಮೆ ಆ ಕರಡಿ ಬಗ್ಗಿ, ಒಂದು ಮಾತೂ ಆಡದೆ ಕೈ ಚಾಚಿತು. ಇವನು ಹಿಡಿದ. ಕೇರಿಯೆಲ್ಲ ಸುತ್ತಿ ಬಂದಾಗ ಹೆದರಿಕೆ ಎಲ್ಲಿ ಬಿದ್ದುಹೋಯಿತೋ.

"ಮಾತಾಡಿದ್ರೆ ಖಲಾಸ್," ಎಂದಿದ್ದ. "ಮತ್ತೆ ಅದು ಕರಡಿ ಅಲ್ಲ, ಬರೀ ಮನುಷ್ಯ."

"ನೀನು ಮಾತಾಡುದಿಲ್ಲ ಅಲ್ವಾ ಮಾಮ್? ಪ್ರಾಮಿಸ್?" ಸೋದರಮಾವನನ್ನು ಕೇಳಿದ್ದಳು ಅವಳು.

"ಪ್ರಾಮಿಸ್."

ಸತ್ವಾ ಪೇಟೆಯ ಟೈಲರ್ ಅಂಗಡಿಯಿಂದ ಕಪ್ಪು ಉಣ್ಣೆ ತಂದು, ಎಸಿ ರಿಪೇರಿಗೆ ತೊಡುತ್ತಿದ್ದ ಹಳೆಯ ಕವರಾಲ್‌ಗೆ ತಾನೇ ಹೊಲಿದಿದ್ದ.

ಮೊದಲ ಮಹಡಿಯಲ್ಲಿ ಫರ್ಝಾನ ಮಕ್ಕಳ ಚೀಲಗಳಿಗೆ ಮುಷ್ಟಿ ತುಂಬ ಚಾಕಲೇಟ್ ಸುರಿದಳು. "ನಾನು ಅಬುಧಾಬಿಯಲ್ಲಿ ಚಿಕ್ಕದಿರುವಾಗ ರಮ್ಝಾನಿಗೆ ಮೊದಲು ಬರುವ ಹಗ್ ಅಲ್ ಲೈಲಾ ಹಬ್ಬಕ್ಕೆ ಹೀಗೇ ಹೋಗ್ತಿದ್ದದ್ದು. ಅರಬಿ ಮಕ್ಕಳ ಒಟ್ಟಿಗೆ ಹಾಡಿಕೊಂಡು, ಕುತ್ತಿಗೆಗೆ ಚೀಲ ಕಟ್ಟಿಕೊಂಡು. ನಿಮ್ಮ ಕರಡಿ ಹಾಡುದಿಲ್ವಾ?"

ಆನ್ ಮರಿಯಾ ಇಲ್ಲವೆಂದು ತಲೆಯಾಡಿಸಿದಳು. ಅವಳ ಪುಟ್ಟ ಕೈ ಕರಡಿಯ ಕೈಯಲ್ಲಿತ್ತು. ಮಹಡಿ ಏರಿದಷ್ಟೂ ಹಿಡಿತ ಬಿಗಿಯಾಯಿತು.

ಮೂರನೇ ಮಹಡಿ. ಅದೇ ಬಾಗಿಲು, ಅದೇ ಅಸ್ಥಿಪಂಜರ. ಶರ್ವಿನ್ ಮೊದಲೇ ಬಂದು ಚಾಕಲೇಟಿನ ಬೋಗುಣಿ ಹಿಡಿದು ನಿಂತಿದ್ದ.

"ಕರಡಿ ಬಾಯಿಬಿಟ್ರೆ ಮಾತ್ರ ಚಾಕಲೇಟ್. ಟ್ರಿಕ್ ಆರ್ ಟ್ರೀಟ್ ಅನ್ನು ನೋಡುವ. ಒಂಬತ್ತನೇ ಕ್ಲಾಸಿನವನಿಗೆ ಅಷ್ಟು ಇಂಗ್ಲಿಷ್ ಉಂಟಲ್ಲ?"

ಇವನ ಕಂಪನಿಯಲ್ಲಿ ಕೆಲಸಕ್ಕೆಂದು ಇವನ ಕೈಯಲ್ಲೇ ಸಿವಿ ಕೊಟ್ಟಿದ್ದ ಲಿಡ್ವಿನ್. ಒಂಬತ್ತಕ್ಕೇ ಶಾಲೆ ಬಿಟ್ಟದ್ದು ಅದರಲ್ಲಿತ್ತು. ಶರ್ವಿನ್ ಅದನ್ನು ಓದಿದ್ದು ಇದಕ್ಕೆ. ಉಣ್ಣೆಯೊಳಗೆ ಬಲಗೈ ಮುಷ್ಟಿಯಾಯಿತು. ಎಡಗೈಯನ್ನು ಆನ್ ಮರಿಯಾ ಹಿಡಿದಿದ್ದಳು. ತಲೆಯೆತ್ತಿ ಮುಖವಾಡದ ತೂತುಗಳನ್ನೇ ನೋಡಿದಳು. ಒಂದು ಶಬ್ದ ಹೊರಟರೂ ಅವಳೂ ಅಂದಿನ ತನ್ನಂತೆ ಮಂಚದಡಿಗೆ.



ಆನ್ ಮರಿಯಾ ಕೈ ಬಿಟ್ಟಳು. ಎರಡು ಹೆಜ್ಜೆ ಮುಂದೆ ಹೋಗಿ ಅಸ್ಥಿಪಂಜರದ ಬೆರಳು ಹಿಡಿದು ಕುಲುಕಿದಳು.

"ಬೇರ್ಸ್ ಡೋಂಟ್ ಟಾಕ್, ಅಂಕಲ್."

ಬೋಗುಣಿಯಿಂದ ತಾನೇ ಒಂದು ಚಾಕಲೇಟ್ ಆರಿಸಿಕೊಂಡಳು. ಹಿಂದಿದ್ದ ಮಕ್ಕಳಲ್ಲಿ ಯಾರೂ ನಗಲಿಲ್ಲ.

"ಏಯ್ ಲಿಡ್ವಿನ್," ಶರ್ವಿನ್‌ನ ದನಿ ಗಡುಸಾಯಿತು. "ನಿನ್ನ ಹತ್ರವೇ ಹೇಳಿದ್ದು. ಕೆಲಸ ಬೇಕಾ ಬೇಡ್ವಾ ನಿನಗೆ?"

ಲಿಡ್ವಿನ್ ಬಗ್ಗಿ ಕೈ ಚಾಚಿದ. ಅವಳು ಹಿಡಿದಳು. ಬೆನ್ನ ಹಿಂದೆ ತನ್ನ ಹೆಸರು ಇನ್ನೊಮ್ಮೆ ಕೇಳಿಸಿತು. ಕರಡಿ ಮೈ ಕುಲುಕುತ್ತ ಪಕ್ಕದ ಬಾಗಿಲಿಗೆ ನಡೆಯಿತು.