ಎಡಗೈಯ ನೀಲಿ ಸುತ್ತು

"ಯಾವ ಕೈ, ಸಿಸ್ಟರ್?" ಎದುರು ಪಕ್ಷದ ವಕೀಲರು ಬಹಳ ನಯವಾಗಿಯೇ ಕೇಳಿದರು.

"ಎಡಗೈ," ಎಂದಳು ಹಿರಿಯ ನರ್ಸು. ಇಪ್ಪತ್ತಾರು ವರ್ಷದ ಸರ್ವೀಸು. ಯಾವ ಹಾಸಿಗೆಯವರಿಗೆ ಯಾವ ಮಾತ್ರೆ ಎಂದು ಡಾಕ್ಟರೇ ಅವಳನ್ನು ಕೇಳುತ್ತಿದ್ದರು. ಇಂಜೆಕ್ಷನ್ನಿಗೆ ಮೊದಲು ಮುಂಗೈಗೆ ಒಂದು ಹನಿ ಮದ್ದು ಚುಚ್ಚಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಕೆಂಪಗಾಗುತ್ತದೋ ಎಂದು ಕಾಯುವುದು ವಾರ್ಡಿನ ಕ್ರಮ. ಇಂಜೆಕ್ಷನ್ ಒಗ್ಗದೆ ತೀರಿಹೋದ ಮುದುಕನಿಗೂ ಕಿರಿಯ ನರ್ಸು ಹಾಗೆ ಮಾಡಿದ್ದನ್ನು ಇವಳು ಕಣ್ಣಾರೆ ಕಂಡಿದ್ದಳು. ಬಿಳಿ ರೋಮದ ಕೈ, ನೀಲಿ ಸುತ್ತು. ಆ ಹುಡುಗಿಯನ್ನು ಜೈಲಿನಿಂದ ತಪ್ಪಿಸಲು ಇದ್ದದ್ದು ಅದೊಂದೇ. ಕೇಸ್ ಶೀಟಿನಲ್ಲಿ ಏನೂ ಇರಲಿಲ್ಲ. ಎಲ್ಲವನ್ನೂ ಪಾಳಿ ಮುಗಿಯುವಾಗ ಒಟ್ಟಿಗೆ ಬರೆಯುವುದು ಅಲ್ಲಿನ ರೂಢಿ, ಅಷ್ಟರಲ್ಲಿ ಮುದುಕ ಹೋಗೇಬಿಟ್ಟಿದ್ದ.

ವಕೀಲರು ಒಂದು ಫೋಟೋ ಮುಂದಿಟ್ಟರು. ಮುದುಕ ಸತ್ತ ದಿನ ಬೆಳಿಗ್ಗೆ ಅವನ ಮಗಳು ತೆಗೆದದ್ದು. ಮುದುಕನ ಎಡಗೈ ತೋಳಿನಿಂದ ಬೆರಳಿನ ತನಕ ಪ್ಲಾಸ್ಟರಿನಲ್ಲಿತ್ತು.

"ಹಾಗಾದ್ರೆ ಬಲಗೈ ಇರಬಹುದು," ಎಂದಳು. ನ್ಯಾಯಾಧೀಶರು ಆ 'ಇರಬಹುದು' ಎಂಬುದನ್ನೂ ಬರೆಸಿಕೊಂಡರು.

ದರಿದ್ರ ನೆನಪು! ಹೊರಗೆ ಬಂದು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರೆ ಈಗಲೂ ಎಡಗೈಯೇ, ಪ್ಲಾಸ್ಟರ್ ಮಾತ್ರ ಇಲ್ಲ. ಯಾರ ಕೈಯೋ ಏನೋ. ಎಷ್ಟು ಸಾವಿರ ಕೈಗಳಿಗೆ ಸುತ್ತು ಹಾಕಿದ್ದಳೋ, ಎಣಿಸಿದವರು ಯಾರು.

ಕಿರಿಯ ನರ್ಸು ಬಂದು ಪಕ್ಕದಲ್ಲಿ ಕೂತಳು. ಅವಳ ಕಡೆಯ ವಕೀಲರು ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಅವಳಿಗೆ ಹೇಳಿಯಾಗಿತ್ತು.

"ನೀನಾದ್ರೂ ಹೇಳೇ. ಬಲಗೈಗೆ ತಾನೇ ಚುಚ್ಚಿದ್ದು?"

"ನಂಗೊತ್ತಿಲ್ಲ ಅಕ್ಕ. ಆವತ್ತೇ ನೆನಪಿರ್ಲಿಲ್ಲ. ನೀವು ನೋಡಿದೀನಿ ಅಂದ್ರಲ್ಲ, ನೀವೇ ಅಂದ್ಮೇಲೆ ಮಾಡಿರ್ತೀನಿ ಅಂದ್ಕೊಂಡೆ."

ಮೂರು ವರ್ಷ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ವಕೀಲರ ಮುಂದೆ ಇಬ್ಬರೂ ಅದನ್ನೇ ಹೇಳಿಕೊಂಡು ಬಂದಿದ್ದರು.

"ಈಗೀಗ ನಂಗೂ ಕಾಣ್ಸತ್ತೆ ಅಕ್ಕ," ಎಂದಳು ಕಿರಿಯಳು. "ಎಡಗೈನೇ."

ಗುಮಾಸ್ತ ಹೇಳಿಕೆಯ ಹಾಳೆ ತಂದು, ಓದಿ ನೋಡಿ ಸಹಿ ಹಾಕಿ ಎಂದ. ನೀಲಿ ಪೆನ್ನು ಹಿರಿಯಳ ಬಳಿಯೇ ಇತ್ತು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಕಿರಿಯಳು, ವಾರ್ಡಿನಲ್ಲಿ ಕೇಸ್ ಶೀಟ್ ಬರೆಯುವಾಗ ಮಾಡುತ್ತಿದ್ದ ಹಾಗೆ, ಅದರ ಮೂಲೆ ಹಿಡಿದುಕೊಂಡಳು.